ಏನ್ ಕಳಕೊಂಡೀರಿ?

ಡೋಣಿ ಊರಾಗ ಕಡೀ ಮನಿ ದಾಟಿದ ಮ್ಯಾಲ
ಗಾಡಿ ಜಾಡು, ಆಮ್ಯಾಲ ಆಡಿನ ಜಾಡು,
ಆಮ್ಯಾಲ ಹುಲ್ಲು ಎರಡೂ ಕಡೆ ಬಾಗಿ
ಇಲ್ಲಿ ಯಾರೋ ಹೋಗಿದ್ರು ಅನ್ನೂದಷ್ಟ.

ವಾರಕ್ಕ ಆರು ದಿನ ಬೆಟಗೇರಿ ಓಣಿ ಓಣಿ
ಕರೆಂಟಿನ ಮೀಟರ್ ಓದಾಂವ ನಾನು.
ಮಗ್ಗದ ಸಪ್ಪಳದಾಗ ಕಟ್ಟಿ ಹತ್ತಿ, ಚಪ್ಪಲಿ ಬಿಟ್ಟು,
ಬಾಗಲ ಹಿಂದಿನ ಧೂಳ ಒರಸಿ
ಅಂಕಿ ಬರಕೊಂಡು ಇಳಿಯೂದು.
"ಈ ತಿಂಗಳ ಇಷ್ಟ್ಯಾಕ ಬಂತು?"
ಎಲ್ಲರೂ ಕೇಳತಾರ.
ಗುಡ್ಡ ಒಂದ ಕೇಳೂದಿಲ್ಲಂತ
ಐತವಾರ ಕಪ್ಪತಗುಡ್ಡಕ್ಕ ಬರತೇನಿ.

ಗುಡ್ಡ ಕೇಳೂದಿಲ್ಲ, ಖರೆ.
ಗುಡ್ಡದ ಬಾಜೂಕಿನವರು ಕೇಳತಾರ.
ಕಟಗಿ ಹೊರಿ ಇಳಿಸಿ ಕುಂತಾಂವ ಅಂದ:
"ಬೇರು ಅಗಿಯಾಕ ಬಂದೀರೇನು?"
ಅಲ್ಲ.
"ಹರಕಿ?"
ಅಲ್ಲ.
ನನ್ನ ಬೂಟು ನೋಡಿದ, ಚೀಲ ನೋಡಿದ, ದನಿ ಇಳಿಸಿದ:
"ಮೈನಿಂಗ್ ಕಡೆಯವರ?"
ಅಲ್ಲೋ ಮಾರಾಯ, ಸುಮ್ಮನ. ನಡಿಯಾಕ.
"ನಡದು?"
ನಡದು, ತಿರಗಿ ಬರೂದು.
ಬಹಳ ಹೊತ್ತು ಮಾತಾಡಲಿಲ್ಲ ಅಂವ.
ಪಾಪ, ಮನಿಯಾಗೇನೋ ತ್ರಾಸ ಐತಿ ಅನ್ನೂವಂಗ ನೋಡಿ
ಸೇದಿ ಉಳಿದ ಅರ್ಧ ಬೀಡಿ ನನಗ ಕೊಟ್ಟ.

ಗಾಳಿ ಫ್ಯಾನಿನ ಕಂಬದ ಸಾಲಿಗೆ ರಸ್ತೆ ಐತಿ.
ನಾ ಆ ಕಡೆ ಹೋಗೂದಿಲ್ಲ.
ಎಡಕ್ಕ ತಿರಗಿ ಕೊಳ್ಳ ಇಳದು, ಮತ್ತ ಹತ್ತೂದು.
ಕೆಂಪು ಹರಳು ಕಾಲಾಗ ಉಳ್ಳತಾವ,
ಕೈ ಊರಿದರ ಅಂಗೈಗೆ ಕಬ್ಬಿಣದ ವಾಸನಿ.
ಕಾರಿ ಮುಳ್ಳು ಅಂಗಿ ಜಗ್ಗಿ ನಿಲ್ಲು ಅಂತೈತಿ,
ನಿಂತರ ಉಸುರು ಮುಂದ ಹೋಗಿರತೈತಿ.

ಹ್ವಾದ ವರ್ಷದ ತನಕ ಖಾಜೇಸಾಬ ಜೋಡಿ ಬರತಿದ್ದ.
ಗಡಿಯಾರ ರಿಪೇರಿ ಮಾಡಾಂವ,
ಮೊದಲನೇ ದಿನ್ನಿ ಹತ್ತಿದ ಕೂಡಲೇ
ಕೈಗಡಿಯಾರ ಬಿಚ್ಚಿ ರೊಟ್ಟಿ ಗಂಟಿನಾಗ ಇಡತಿದ್ದ.
ಈಗ ಮೊಣಕಾಲು.
"ಎಲ್ಲೀತನ ಹ್ವಾದಿ, ಬಂದು ಹೇಳು" ಅಂತಾನ.
ಹೇಳತೇನಿ.
ಒಂದಿಷ್ಟು ಕಮ್ಮಿ ಮಾಡೇ ಹೇಳತೇನಿ.

ಎರಡನೇ ಕೊಳ್ಳದ ನೆತ್ತಿ ಮ್ಯಾಗ ಹೇಮ್ಲವ್ವ, ತಾಂಡಾದಾಕಿ,
ಬಂಡಿಗಲ್ಲಿನ ನೆರಳಾಗ ಕುಂತು ಆಡು ಎಣಸಾಕತ್ತಿದ್ದಳು.
"ಏನ್ ಕಳಕೊಂಡೀರಿ?"
ಏನೂ ಇಲ್ಲವ್ವ.
"ಕಳಕೊಳ್ಳದ ಇಲ್ಲೀತನ ಯಾರೂ ಬರೂದಿಲ್ಲ."
ಮತ್ತ ಎಣಿಸಿದಳು. ಇಪ್ಪತ್ತೆರಡು.
ಬಾಲದ ಕಡೆಯಿಂದ ಎಣಿಸಿದಳು. ಇಪ್ಪತ್ತೆರಡು.
"ನಂದೊಂದು ಹೋಗೇತಿ. ಕಂದು ಬಣ್ಣ, ಬಲಗಿವಿ ಸೀಳೇತಿ.
ಹೆಂಗೂ ಖಾಲಿ ನಡಿಯಾವ್ರು ನೀವು,
ನೋಡಕೋಂತ ಹೋಗ್ರಿ."

ಅಲ್ಲಿಂದ ಗುಡ್ಡ ಬ್ಯಾರೆ ಆತು.
ಕಂದು ಅಂದರ ಎಲ್ಲಾ ಕಂದು:
ಕಲ್ಲು, ಹುತ್ತ, ಒಣಗಿದ ಬಂದರಿಕಿ,
ಗಾಳಿಗೆ ಅಳ್ಳಾಡೂ ಎಲಿ ಎಲ್ಲಾ ಸೀಳಿದ ಕಿವಿ.
ಇಪ್ಪತ್ತು ವರ್ಷ ತುಳದ ದಾರಿಯೊಳಗ
ನಾ ಕಾಣದ ಸಂದಿ ಈಗ ಕಂಡವು.
ಯಾವುದೋ ಮಲಗಿ ಎದ್ದು ಹೋದ ಹುಲ್ಲಿನ ತಗ್ಗು,
ಬೊಗಸಿಯಷ್ಟು ನೀರು ಹಿಡಕೊಂಡ ಕಲ್ಲು, ಅದರಾಗ ಅರ್ಧ ಮೋಡ,
ಮಸಿ ಮಾಸದ ಮೂರು ಕಲ್ಲಿನ ಒಲಿ.
ಕೂಗಿದೆ. ಆಡಿನ ಹೆಸರು ಕೇಳೂದು ಮರತಿದ್ದೆ,
ಬರೇ "ಬಾ, ಬಾ" ಅಂದೆ.
ಕೊಳ್ಳ ನನ್ನ ದನಿನ ಮೂರು ಸಲ ಓದಿ
ಹೆಚ್ಚು ಕಮ್ಮಿ ಮಾಡದ ತಿರಗಿ ಕೊಟ್ಟಿತು.

ಸಿಗಲಿಲ್ಲ.
ಹೊತ್ತು ಮುಳಗೂ ಮುಂದ ಬಂಡಿಗಲ್ಲಿಗೆ ಬಂದರ
ಹೇಮ್ಲವ್ವನೂ ಇಲ್ಲ. ಹಿಕ್ಕಿ ಇದ್ದವು,
ಇನ್ನೂ ಹಸಿ.
ಸಿಕ್ಕಿತೋ, ಹುಡಕೂದು ಬಿಟ್ಟಳೋ,
ನನ್ನ ಕಾಯ್ದು ಕಾಯ್ದು ಬೈದು ಇಳದಳೋ.
ಕಡೀ ಬಸ್ಸಿನಾಗ ಕಿಟಕಿ ಕಡೆ ಕುಂತು
ಕತ್ತಲಾಗುತನ ಹೊರಗ ನೋಡಿದೆ.
ಕತ್ತಲಾದ ಮ್ಯಾಲೂ ನೋಡಿದೆ.

ಇವತ್ತ ಸೋಮವಾರ.
ಹೊಸ ಓಣಿಯ ನಾಕನೇ ಮನಿ. ಕಟ್ಟಿ ಕೆಳಗ
ಕಂದು ಆಡೊಂದು ಲಗ್ನಪತ್ರಿಕಿ ಅಗಿಯಾಕತ್ತಿತ್ತು.
ಚೀಲ ಕೆಳಗಿಟ್ಟು, ಬಗ್ಗಿ,
ಬಲಗಿವಿ ಹಿಡದು ನೋಡಿದೆ.
"ಮೀಟರ್ ಒಳಗೈತ್ರಿ" ಅಂತು ಮನಿ ಹುಡಿಗಿ.

ನೆಟ್ಟಗಿತ್ತು ಕಿವಿ.
ಒಳಗ ಹೋಗಿ ಅಂಕಿ ಬರಕೊಂಡೆ.
ಒಂದು ತಪ್ಪಿತು. ಹೊಡದು ಹಾಕಿ
ಬಾಜೂಕ ಮತ್ತ ಬರದೆ.